ಕೀಟನಾಶಕದ ಜೊಲ್ಲು, ಮಾತ್ರೆಯ ಒಣ ಬಾಯಿ: ಪರಾನುವೇದನಾ ನರಗಳ ಮೇಲೆ ಔಷಧಗಳು ಹೇಗೆ ಕೆಲಸ ಮಾಡುತ್ತವೆ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನಲ್ಲಿ ನಮ್ಮದೊಂದು ಕಾಫಿ ತೋಟವಿದೆ. ಮಳೆಗಾಲ ಮುಗಿದ ಮೇಲೆ ಅರೇಬಿಕಾ ಗಿಡಗಳ ಬಿಳಿ ಕಾಂಡಕೊರಕಕ್ಕೆಂದು ಕ್ಲೋರ್‌ಪೈರಿಫಾಸ್ ಸಿಂಪಡಿಸುತ್ತಿದ್ದ, ನಮ್ಮ ಲೈನ್ ಮನೆಯಲ್ಲಿರುವ ಕಾರ್ಮಿಕರೊಬ್ಬರಿಗೆ ಅಂದು ಸಂಜೆ ಜೊಲ್ಲು, ಕಣ್ಣೀರು ಸುರಿದು, ವಾಂತಿ ಭೇದಿಯಾಗಿ, ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಮೇಲಿಂದ ಮೇಲೆ ಅಟ್ರೋಪಿನ್ ಕೊಟ್ಟರು. ಮರುದಿನ ಅವರ ಬಾಯಿ ಒಣಗಿ, ಮೈ ಬಿಸಿಯಾಗಿ, ಎದುರಿಗಿಲ್ಲದವರೊಡನೆ ಮಾತನಾಡತೊಡಗಿದರು. ಅದು ಇಳಿದು ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಮೂರನೆಯ ದಿನ ಉಸಿರಾಟ ಸೋತು ವೆಂಟಿಲೇಟರ್ ಹಾಕಬೇಕಾಯಿತು. ಈಗ ಗುಣವಾಗಿ ಮನೆಗೆ ಬಂದಿದ್ದಾರೆ. ಇತ್ತ 76 ವರ್ಷದ ನನ್ನ ತಾಯಿಗೆ, ಮೂತ್ರ ತಡೆದುಕೊಳ್ಳಲು ಆಗುತ್ತಿಲ್ಲವೆಂದು ಆಕ್ಸಿಬ್ಯುಟಿನಿನ್ ಮಾತ್ರೆ ಶುರು ಮಾಡಿದ ಮೇಲೆ ಬಾಯಿ ಒಣಗುವುದು, ಮಲಬದ್ಧತೆ, ಸಂಜೆಯ ಹೊತ್ತು ಮರೆವು ಮತ್ತು ಗೊಂದಲ ಕಾಣಿಸಿಕೊಂಡಿವೆ. ಆ ಕಾರ್ಮಿಕರಲ್ಲಿ ಎರಡನೆಯ ದಿನ ಕಂಡದ್ದೇ ತಾಯಿಯಲ್ಲಿ ಸಣ್ಣ ಪ್ರಮಾಣದಲ್ಲಿ ಕಾಣುತ್ತಿದೆ ಎಂದು ನನಗೆ ಅನ್ನಿಸುತ್ತಿದೆ. ಇದು ಬರೀ ಊಹೆಯೇ? ಮತ್ತೊಂದು ವಿಷಯ: ಆ ಕಾರ್ಮಿಕರನ್ನು ಮತ್ತೆ ಸ್ಪ್ರೇ ಕೆಲಸಕ್ಕೆ ಕಳಿಸಬಹುದೇ?

ಉತ್ತರ: ಊಹೆಯಲ್ಲ, ನೀವು ಗಮನಿಸಿದ್ದು ಸರಿಯಾಗಿದೆ. ನಿಮ್ಮ ತೋಟದ ಕೀಟನಾಶಕ, ಆಸ್ಪತ್ರೆಯ ಅಟ್ರೋಪಿನ್, ತಾಯಿಯ ಆಕ್ಸಿಬ್ಯುಟಿನಿನ್ ಈ ಮೂರೂ ಒಂದೇ ನರವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ. ಮೊದಲನೆಯದು ಆ ವ್ಯವಸ್ಥೆಯನ್ನು ಮಿತಿಮೀರಿ ಕೆರಳಿಸುತ್ತದೆ, ಉಳಿದೆರಡು ಅದನ್ನು ತಡೆಯುತ್ತವೆ. ಮೂರನೆಯ ದಿನ ಉಸಿರಾಟ ಏಕೆ ಸೋತಿತು ಎಂಬ ಪ್ರಶ್ನೆಗೂ ಉತ್ತರ ಅದೇ ವ್ಯವಸ್ಥೆಯ ರಚನೆಯಲ್ಲಿದೆ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಇಚ್ಛೆಯ ಹಂಗಿಲ್ಲದೆ ದೇಹವನ್ನು ನಡೆಸುವ ನರಗಳಲ್ಲಿ ಎರಡು ಬಳಗಗಳಿವೆ. ಕಾಡಾನೆ ಎದುರಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡಿ ಓಟಕ್ಕೆ ಸಿದ್ಧಗೊಳಿಸುವುದು ಸಿಂಪಥೆಟಿಕ್, ಅಂದರೆ ಅನುವೇದನಾ ಬಳಗ. ಉಂಡದ್ದನ್ನು ಅರಗಿಸುವುದು, ಹೃದಯದ ಬಡಿತವನ್ನು ತಗ್ಗಿಸುವುದು, ಜೊಲ್ಲು ಕಣ್ಣೀರು ಸ್ರವಿಸುವುದು, ಮೂತ್ರ ವಿಸರ್ಜಿಸುವುದು, ಹತ್ತಿರದ್ದನ್ನು ಓದುವಾಗ ಕಣ್ಣಿನ ಮಸೂರವನ್ನು ಹೊಂದಿಸುವುದು ಪ್ಯಾರಾಸಿಂಪಥೆಟಿಕ್, ಅಂದರೆ ಪರಾನುವೇದನಾ ಬಳಗದ ಕೆಲಸ. ಇದರ ನರಗಳು ಮಿದುಳಿನ ಬುಡದಿಂದ 3, 7, 9 ಮತ್ತು 10ನೆಯ ಕಪಾಲ ನರಗಳ ಜೊತೆಗೂ, ಬೆನ್ನುಹುರಿಯ ಕೆಳತುದಿಯಿಂದಲೂ ಹೊರಡುತ್ತವೆ. ಇವುಗಳಲ್ಲಿ ದೊಡ್ಡ ಪಾಲು 10ನೆಯದಾದ ವೇಗಸ್ ನರದ್ದು. ಹೃದಯ, ಶ್ವಾಸಕೋಶ, ಹೊಟ್ಟೆ ಮತ್ತು ಕರುಳಿನ ಬಹುಭಾಗವನ್ನು ಅದೊಂದೇ ನೋಡಿಕೊಳ್ಳುತ್ತದೆ.

ನರದ ತುದಿ ಅಂಗವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಅತಿ ಸಣ್ಣ ಅಂತರವಿದ್ದು, ಅದನ್ನು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದಾಟುತ್ತದೆ. ಇದನ್ನು ತೋರಿಸಿಕೊಟ್ಟ ಪ್ರಯೋಗದ ಸರಳತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆಸ್ಟ್ರಿಯದ ಗ್ರಾತ್ಸ್ ನಗರದಲ್ಲಿ 1921ರಲ್ಲಿ ಓಟ್ಟೊ ಲೋವಿ ಅವರು ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಆ ಹೃದಯವನ್ನು ತುಂಬಿದ್ದ ದ್ರವವನ್ನು ಮತ್ತೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ, ಯಾವ ನರವನ್ನೂ ಮುಟ್ಟದಿದ್ದರೂ ಅದೂ ನಿಧಾನವಾಯಿತು. ಸಂದೇಶವನ್ನು ಒಯ್ದದ್ದು ದ್ರವದಲ್ಲಿದ್ದ ರಾಸಾಯನಿಕವೆಂಬುದು ಇದರಿಂದ ಖಚಿತವಾಯಿತು. ಅದಕ್ಕೂ ಮೊದಲು, 1914ರಲ್ಲಿಯೇ, ಇಂಗ್ಲೆಂಡಿನ ಹೆನ್ರಿ ಡೇಲ್ ಅವರು ಅಸಿಟೈಲ್‌ಕೋಲಿನ್ ಎರಡು ಬಗೆಯ ಪರಿಣಾಮ ಬೀರುತ್ತದೆ ಎಂದು ಗುರುತಿಸಿದ್ದರು. ಒಂದು ಬಗೆಯನ್ನು ಅಣಬೆಯ ವಿಷವಾದ ಮಸ್ಕರಿನ್ ಅನುಕರಿಸುತ್ತಿತ್ತು, ಇನ್ನೊಂದನ್ನು ಹೊಗೆಸೊಪ್ಪಿನ ನಿಕೋಟಿನ್ ಅನುಕರಿಸುತ್ತಿತ್ತು. ಇಬ್ಬರಿಗೂ 1936ರಲ್ಲಿ ನೊಬೆಲ್ ಬಹುಮಾನ ಸಂದಿತು. ಡೇಲ್ ಅವರ ಈ ವಿಂಗಡಣೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನಿಮ್ಮ ಕಾರ್ಮಿಕರ ಮೂರು ದಿನಗಳ ಅನುಭವ ಅದರಿಂದಲೇ ಅರ್ಥವಾಗುತ್ತದೆ.

ಅಸಿಟೈಲ್‌ಕೋಲಿನ್ ಹೋಗಿ ಕೂರುವ ಪ್ರೋಟೀನನ್ನು ಗ್ರಾಹಕ ಎನ್ನುತ್ತೇವೆ. ನಿಕೋಟಿನಿಕ್ ಗ್ರಾಹಕ ಐದು ತುಣುಕುಗಳು ಕೂಡಿ ಆದ ಒಂದು ದ್ವಾರ. ಅಸಿಟೈಲ್‌ಕೋಲಿನ್ ಕೂತ ಕ್ಷಣವೇ ತೆರೆದು ಸೋಡಿಯಂ ಅನ್ನು ಜೀವಕೋಶದೊಳಕ್ಕೆ ಬಿಡುತ್ತದೆ. ಅನುವೇದನಾ ಮತ್ತು ಪರಾನುವೇದನಾ ಎರಡೂ ಬಳಗಗಳ ನರಗಂಟುಗಳಲ್ಲಿ, ಅಂದರೆ ಅಂಗವನ್ನು ತಲುಪುವ ಮುನ್ನ ಸಂದೇಶ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುವ ಜಾಗಗಳಲ್ಲಿ, ಇದು ಇರುತ್ತದೆ. ನಾವು ಇಚ್ಛೆಯಿಂದ ಚಲಿಸುವ ಕೈಕಾಲು, ಕತ್ತು, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮೊದಲಾದ ಸ್ನಾಯುಗಳಲ್ಲಿ ಇದರದೇ ಇನ್ನೊಂದು ರೂಪವಿದೆ. ಮಸ್ಕರಿನಿಕ್ ಗ್ರಾಹಕದ ರೀತಿ ಬೇರೆ. ಅದು ತಾನೇ ದ್ವಾರವಲ್ಲ. ಜೀವಕೋಶದೊಳಗೆ ಸಂದೇಶ ಸಾಗಿಸುವ ಜಿ-ಪ್ರೋಟೀನುಗಳ ಮೂಲಕ ಕೆಲಸ ಮಾಡಿಸುವುದರಿಂದ ಸ್ವಲ್ಪ ನಿಧಾನ. ಪರಾನುವೇದನಾ ನರಗಳು ಕೊನೆಗೆ ತಲುಪುವ ಅಂಗಗಳಲ್ಲಿ ಇರುವುದು ಈ ಮಸ್ಕರಿನಿಕ್ ಗ್ರಾಹಕವೇ. ಇದರಲ್ಲಿ ಎಂ1ರಿಂದ ಎಂ5ರವರೆಗೆ ಐದು ಉಪಬಗೆಗಳಿದ್ದು, ಚಿಕಿತ್ಸೆಯ ದೃಷ್ಟಿಯಿಂದ ಮೂರು ಮುಖ್ಯ. ಎಂ1 ಮಿದುಳಿನಲ್ಲಿ ಹೆಚ್ಚು, ಕಲಿಕೆ ಮತ್ತು ನೆನಪಿಗೆ ಬೇಕಾದದ್ದು. ಎಂ2 ಹೃದಯದಲ್ಲಿದ್ದು ಪೊಟ್ಯಾಸಿಯಂ ದ್ವಾರಗಳನ್ನು ತೆರೆಸಿ ಬಡಿತವನ್ನು ತಗ್ಗಿಸುತ್ತದೆ. ಎಂ3 ಗ್ರಂಥಿಗಳಲ್ಲಿ ಸ್ರಾವವನ್ನು ಹೆಚ್ಚಿಸುತ್ತದೆ. ಶ್ವಾಸನಾಳ, ಕರುಳು, ಮೂತ್ರಕೋಶ ಮತ್ತು ಕಣ್ಣಿನ ಪಾಪೆಯ ಸ್ನಾಯುಗಳನ್ನು ಬಿಗಿಯಾಗಿಸುತ್ತದೆ.

ಬೆವರಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಬೆವರಿನ ಗ್ರಂಥಿಗಳಿಗೆ ಹೋಗುವ ನರಗಳು ಅನುವೇದನಾ ಬಳಗಕ್ಕೆ ಸೇರಿದ್ದರೂ ಅವು ಬಿಡುವುದು ಅಸಿಟೈಲ್‌ಕೋಲಿನ್ ಅನ್ನೇ, ಅದು ಕೂರುವುದು ಮಸ್ಕರಿನಿಕ್ ಗ್ರಾಹಕದ ಮೇಲೆಯೇ. ಆದ್ದರಿಂದ ಕೀಟನಾಶಕ ಒಳಹೊಕ್ಕವರು ಬೆವರಿನಲ್ಲಿ ತೊಯ್ದು ಹೋಗುತ್ತಾರೆ, ಅಟ್ರೋಪಿನ್ ಹೆಚ್ಚಾದವರು ಬೆವರಲಾರದೆ ಮೈ ಕಾದು ಜ್ವರ ಬಂದವರಂತಾಗುತ್ತಾರೆ. ಔಷಧ ಗುರುತಿಸುವುದು ಗ್ರಾಹಕವನ್ನು ಮಾತ್ರ. ಅದು ಯಾವ ಬಳಗದ ನರ, ಯಾವ ಅಂಗ, ನಾವು ಯಾವ ಕಾಯಿಲೆಗೆಂದು ಕೊಟ್ಟೆವು ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಈ ಗುಂಪಿನ ಯಾವುದೇ ಔಷಧವನ್ನು ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಈ ಗ್ರಾಹಕ ದೇಹದಲ್ಲಿ ಇನ್ನೆಲ್ಲೆಲ್ಲಿ ಇದೆ ಎಂದು ಕೇಳಬೇಕೆನ್ನುವುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ತಾಯಿಯ ತೊಂದರೆಗೂ ಮೂಲ ಅಲ್ಲಿಯೇ ಇದೆ.

ಈಗ ಕೀಟನಾಶಕಕ್ಕೆ ಬರೋಣ. ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿಸಿದ ಕೂಡಲೇ ಇಲ್ಲವಾಗಬೇಕು. ಅದಕ್ಕಾಗಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವಿದ್ದು, ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯಬಲ್ಲದು. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮೆಥೋಯೇಟ್, ಮಾನೋಕ್ರೋಟೋಫಾಸ್ ಮುಂತಾದ ಆರ್ಗನೋಫಾಸ್ಫರಸ್ ಕೀಟನಾಶಕಗಳು ಈ ಕಿಣ್ವದಲ್ಲಿರುವ ಸೆರಿನ್ ಎಂಬ ಅಮೈನೊ ಆಮ್ಲಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಕೀಟವನ್ನು ಕೊಲ್ಲುವುದೂ ಮನುಷ್ಯನನ್ನು ಕೆಡವುವುದೂ ಇದೇ ಕ್ರಿಯೆ. ಕಿಣ್ವ ನಿಂತುಹೋದಾಗ ಅಸಿಟೈಲ್‌ಕೋಲಿನ್ ಎಲ್ಲೆಡೆ ತುಂಬಿಕೊಳ್ಳುತ್ತದೆ. ಎಂ3 ಗ್ರಾಹಕಗಳಿಂದ ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಸೂಜಿಮೊನೆಯಂತಾಗುವ ಪಾಪೆ. ಎಂ2ರಿಂದ ಕುಸಿಯುವ ಹೃದಯ ಬಡಿತ. ಇವುಗಳಲ್ಲಿ ಜೀವಕ್ಕೆ ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಶ್ವಾಸನಾಳಗಳು ಬಿಗಿದು, ಸ್ರಾವ ತುಂಬಿ, ಗಾಳಿಗೆ ದಾರಿಯಿಲ್ಲದಂತಾಗುವುದು. ನೀವು ಕೇಳಿದ ಗೊರಗೊರ ಸದ್ದು ಅದರದೇ.

ಬೆಳಿಗ್ಗೆ ಸಿಂಪಡಿಸಿದವರಿಗೆ ಸಂಜೆ ತೊಂದರೆ ಕಾಣಿಸಿದ್ದಕ್ಕೂ ಕಾರಣವಿದೆ. ಕ್ಲೋರ್‌ಪೈರಿಫಾಸ್ ಇದ್ದ ರೂಪದಲ್ಲಿ ಅಷ್ಟೇನೂ ಪ್ರಬಲವಲ್ಲ. ಅದು ಮುಖ್ಯವಾಗಿ ಪಿತ್ತಜನಕಾಂಗದಲ್ಲಿ ಆಕ್ಸಾನ್ ಎಂಬ ರೂಪಕ್ಕೆ ಬದಲಾದ ಮೇಲೆಯೇ ಕಿಣ್ವವನ್ನು ಬಲವಾಗಿ ಹಿಡಿಯುತ್ತದೆ. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಚರ್ಮದ ಮೂಲಕ ಒಳಹೋಗಿ, ದೇಹದ ಕೊಬ್ಬಿನಲ್ಲಿ ಸೇರಿಕೊಂಡು, ದಿನಗಳ ಕಾಲ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬರುತ್ತಲೇ ಇರಬಹುದು. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್ ಸೋರಿ ಅಂಗಿ ನೆನೆದಿದ್ದರೆ, ಅದೇ ಅಂಗಿಯಲ್ಲಿ ಇಡೀ ದಿನ ಕೆಲಸ ಮಾಡಿದ್ದರೆ, ಇಷ್ಟಾಗಲು ಅದೊಂದೇ ಸಾಕು. ಎಲೆ ಅಡಿಕೆ ಹಾಕುವ ಕೈಯಲ್ಲೇ ಮದ್ದು ಕಲಸಿದರೆ ಬಾಯಿಯ ಮೂಲಕವೂ ಹೋಗುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಕೂಡ ಮಸ್ಕರಿನಿಕ್ ಗ್ರಾಹಕವನ್ನು ಪ್ರಚೋದಿಸುವ ವಸ್ತುವೇ. ಅಡಿಕೆ ಜಗಿದಾಗ ಜೊಲ್ಲು ಹೆಚ್ಚುವುದಕ್ಕೂ ಅಭ್ಯಾಸವಿಲ್ಲದವರು ಬೆವರುವುದಕ್ಕೂ ಅದೊಂದು ಕಾರಣ. ಹಾಗೆಂದು ಸ್ಪ್ರೇ ಹೊಡೆದು ಬಂದವರಲ್ಲಿ ಜೊಲ್ಲು, ಬೆವರು ಕಂಡರೆ ಅದನ್ನು ಅಡಿಕೆಯ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು.

ಅಟ್ರೋಪಿನ್ ಈ ವಿಷವನ್ನು ನಾಶಮಾಡುವುದಿಲ್ಲ, ಕಿಣ್ವವನ್ನು ಬಿಡಿಸುವುದೂ ಇಲ್ಲ. ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿಟ್ಟಂತೆ ಅದು ಮಸ್ಕರಿನಿಕ್ ಗ್ರಾಹಕವನ್ನು ಹಿಡಿದಿಡುತ್ತದೆ, ತಾನು ಯಾವ ಕೆಲಸವನ್ನೂ ಮಾಡಿಸದೆ ಅಸಿಟೈಲ್‌ಕೋಲಿನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ಆದರೆ ಈ ಹಿಡಿತ ಶಾಶ್ವತವಲ್ಲ. ಅಸಿಟೈಲ್‌ಕೋಲಿನ್ ಪ್ರಮಾಣ ಹೆಚ್ಚಿದ್ದಷ್ಟೂ ಅದನ್ನು ಹೊರಗಿಡಲು ಅಟ್ರೋಪಿನ್ ಹೆಚ್ಚು ಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ ಜೊಲ್ಲು ತಗ್ಗಿಸಲು 0.6 ಮಿಲಿಗ್ರಾಂ ಸಾಕಾದರೆ, ಕೀಟನಾಶಕ ವಿಷಬಾಧೆಯಲ್ಲಿ ಹತ್ತಾರು ಮಿಲಿಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುವುದು ಇದೇ ಕಾರಣಕ್ಕೆ. ಮೊದಲು 1ರಿಂದ 3 ಮಿಲಿಗ್ರಾಂ ಕೊಟ್ಟು, ಐದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಸುಧಾರಿಸದಿದ್ದರೆ ಪ್ರತಿ ಸಲವೂ ಹಿಂದಿನದರ ಎರಡರಷ್ಟು ಕೊಡುವುದು ಈಗ ಒಪ್ಪಿತವಾದ ಕ್ರಮ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪ್ಯೂಲಿನಲ್ಲಿ ಇರುವುದು 0.6 ಮಿಲಿಗ್ರಾಂ ಮಾತ್ರ. 3 ಮಿಲಿಗ್ರಾಂ ಎಂದರೆ ಐದು ಆಂಪ್ಯೂಲ್. ಒಂದೇ ರಾತ್ರಿಯಲ್ಲಿ ಖಾಲಿ ಆಂಪ್ಯೂಲುಗಳ ರಾಶಿ ಬಿದ್ದುದನ್ನು ಕಂಡು ಮನೆಯವರು ಗಾಬರಿಯಾಗುತ್ತಾರೆ. ಅದು ಚಿಕಿತ್ಸೆ ಚುರುಕಾಗಿ ನಡೆದಿದೆ ಎಂಬುದರ ಗುರುತು.

ಎಲ್ಲಿ ನಿಲ್ಲಿಸಬೇಕೆನ್ನುವುದು ಅಷ್ಟೇ ಮುಖ್ಯ. ಎದೆ ಶುಭ್ರವಾಗಬೇಕು, ಹೃದಯ ಬಡಿತ ನಿಮಿಷಕ್ಕೆ 80ಕ್ಕಿಂತ ಮೇಲಿರಬೇಕು, ಮೇಲಿನ ರಕ್ತದೊತ್ತಡ 80ಕ್ಕಿಂತ ಹೆಚ್ಚಿರಬೇಕು, ಕಂಕುಳು ಒಣಗಿರಬೇಕು, ಪಾಪೆ ಸೂಜಿಮೊನೆಯಂತಿರಬಾರದು. ಪಾಪೆ ಪೂರ್ತಿ ಹಿಗ್ಗುವವರೆಗೆ ಕೊಡುತ್ತಲೇ ಹೋಗುವುದು ಗುರಿಯಲ್ಲ. ಗುರಿ ಮುಟ್ಟಿದ ಮೇಲೆ, ಅಲ್ಲಿಯವರೆಗೆ ಬೇಕಾದ ಒಟ್ಟು ಪ್ರಮಾಣದ ಶೇ. 10ರಿಂದ 20ರಷ್ಟನ್ನು ಪ್ರತಿ ಗಂಟೆಗೆ ಡ್ರಿಪ್ ಮೂಲಕ ಮುಂದುವರಿಸುತ್ತಾರೆ. ಅದು ಅಗತ್ಯಕ್ಕಿಂತ ಹೆಚ್ಚಾದಾಗ ಕರುಳಿನ ಸದ್ದು ನಿಲ್ಲುತ್ತದೆ, ಮೈ ಕಾಯುತ್ತದೆ, ಮೂತ್ರ ಕಟ್ಟುತ್ತದೆ, ಮಿದುಳಿನ ಮಸ್ಕರಿನಿಕ್ ಗ್ರಾಹಕಗಳೂ ತಡೆಯಲ್ಪಟ್ಟು ರೋಗಿ ಭ್ರಮೆಗೆ ಬೀಳುತ್ತಾರೆ. ನಿಮ್ಮ ಕಾರ್ಮಿಕರ ಎರಡನೆಯ ದಿನದ ಸ್ಥಿತಿಯ ವಿವರಣೆ ಇದಕ್ಕೆ ಹೊಂದುತ್ತದೆ. ಇದಕ್ಕಾಗಿ ಆಸ್ಪತ್ರೆಯನ್ನು ದೂರಬೇಡಿ; ಕಡಿಮೆಯಾದರೆ ಶ್ವಾಸಕೋಶ ತುಂಬಿ ಜೀವ ಹೋಗುತ್ತದೆ, ಹೆಚ್ಚಾದರೆ ಡ್ರಿಪ್ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ವೇಗದಲ್ಲಿ ಮತ್ತೆ ಆರಂಭಿಸಬಹುದು. ಈ ಎರಡರ ನಡುವೆ ವೈದ್ಯರು ಎರಡನೆಯದರ ಕಡೆಗೆ ವಾಲುವುದು ಸರಿಯಾದ ನಿರ್ಧಾರವೇ.

ಇನ್ನು ಮೂರನೆಯ ದಿನ. ಅಟ್ರೋಪಿನ್ ತಡೆಯುವುದು ಮಸ್ಕರಿನಿಕ್ ಗ್ರಾಹಕವನ್ನು ಮಾತ್ರ. ಡೇಲ್ ಅವರು ಬೇರೆಯಾಗಿ ಗುರುತಿಸಿದ ನಿಕೋಟಿನಿಕ್ ಗ್ರಾಹಕದ ಮೇಲೆ, ಅಂದರೆ ಕತ್ತು, ಪಕ್ಕೆಲುಬಿನ ನಡುವಿನ ಸ್ನಾಯು ಮತ್ತು ವಪೆಗಳಲ್ಲಿ, ಅಸಿಟೈಲ್‌ಕೋಲಿನ್ ದಿನಗಟ್ಟಲೆ ಸುರಿಯುತ್ತಲೇ ಇರುತ್ತದೆ. ಮೊದಮೊದಲು ಸ್ನಾಯುಗಳು ಚರ್ಮದಡಿಯಲ್ಲಿ ಪುಟಪುಟನೆ ಮಿಡಿಯುತ್ತವೆ, ಆಮೇಲೆ ಅತಿ ಪ್ರಚೋದನೆಯಿಂದ ಗ್ರಾಹಕಗಳೇ ಸ್ಪಂದಿಸದಂತಾಗಿ ಬಲ ಕಳೆದುಕೊಳ್ಳುತ್ತವೆ. ವಿಷ ಸೇರಿದ ಸುಮಾರು 24ರಿಂದ 96 ಗಂಟೆಗಳ ನಡುವೆ ಹೀಗೆ ಉಸಿರಾಟ ಸೋಲುವುದನ್ನು ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಎನ್ನುತ್ತಾರೆ. ಜೊಲ್ಲು ನಿಂತಿದೆ, ಮಾತು ಸರಿಯಾಗಿದೆ, ಇನ್ನು ಮನೆಗೆ ಹೋಗಬಹುದು ಎಂದು ತೋರುವ ಹೊತ್ತಿಗೇ ಇದು ಬರುವುದರಿಂದ ಬಹಳ ಅಪಾಯಕಾರಿ. ದಿಂಬಿನಿಂದ ತಲೆ ಎತ್ತಲು ಆಗದಿರುವುದು ಇದರ ಮೊದಲ ಸುಳಿವು. ಎಷ್ಟು ಅಟ್ರೋಪಿನ್ ಕೊಟ್ಟರೂ ಇದು ಸರಿಹೋಗುವುದಿಲ್ಲ. ಸ್ನಾಯುಗಳು ಚೇತರಿಸಿಕೊಳ್ಳುವವರೆಗೆ ವೆಂಟಿಲೇಟರ್ ಉಸಿರಾಡಿಸಬೇಕು. ಲಕ್ಷಣ ಇಳಿದಿದೆ ಎಂದು ಎರಡನೆಯ ದಿನವೇ ರೋಗಿಯನ್ನು ಊರಿಗೆ ಕರೆದೊಯ್ಯುವ ಮನೆಯವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದಲೋ ಮೈಸೂರಿನಿಂದಲೋ ಹೊರಟು, ಘಟ್ಟದ ದಾರಿಯಲ್ಲಿ ಉಸಿರು ಸೋತರೆ ಮಾಡುವುದೇನು?

ಅಟ್ರೋಪಿನ್ ಜೊತೆಗೆ ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧವನ್ನೂ ಕೊಟ್ಟಿರಬಹುದು. ಅದು ಕಿಣ್ವಕ್ಕೆ ಅಂಟಿದ ವಿಷವನ್ನು ಕಿತ್ತು ಕಿಣ್ವವನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ, ಆದ್ದರಿಂದ ನಿಕೋಟಿನಿಕ್ ತೊಂದರೆಗೂ ತಾತ್ತ್ವಿಕವಾಗಿ ಅದೇ ಸರಿಯಾದ ಮದ್ದು. ಆದರೆ ಅಂಟು ಹಳೆಯದಾದಂತೆ ಬಿಡಿಸಲಾಗದಷ್ಟು ಗಟ್ಟಿಯಾಗುತ್ತದೆ. ಡೈಮೆಥೋಯೇಟ್‌ನಂತಹ ಡೈಮಿಥೈಲ್ ಗುಂಪಿನ ವಿಷಗಳಲ್ಲಿ ಸುಮಾರು ನಾಲ್ಕು ಗಂಟೆಗೇ ಅರ್ಧದಷ್ಟು ಕಿಣ್ವ ಕೈತಪ್ಪುತ್ತದೆ. ಕ್ಲೋರ್‌ಪೈರಿಫಾಸ್ ಸೇರಿದ ಡೈಇಥೈಲ್ ಗುಂಪಿನಲ್ಲಿ ಅದಕ್ಕೆ ಸುಮಾರು 33 ಗಂಟೆ ಬೇಕು. ಇದರ ಪ್ರಯೋಜನದ ಬಗ್ಗೆ ಒಮ್ಮತವಿಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಹೆಚ್ಚಿನ ಪ್ರಮಾಣದಿಂದ ಲಾಭ ಕಂಡಿತು, ಶ್ರೀಲಂಕಾದ 2009ರ ಅಧ್ಯಯನ ಲಾಭ ಕಾಣಲಿಲ್ಲ. ಬೇಗ ತಲುಪಿದ, ಡೈಇಥೈಲ್ ವಿಷ ಸೇವಿಸಿದ ರೋಗಿಗೆ ಕೊಟ್ಟು ನೋಡುವುದರಲ್ಲಿ ಅರ್ಥವಿದೆ ಎಂದು ನಾನು ಭಾವಿಸುತ್ತೇನೆ. ಹಾಗಾಗಿ ಡಬ್ಬಿಯನ್ನು, ಕನಿಷ್ಠ ಅದರ ಲೇಬಲನ್ನು, ಆಸ್ಪತ್ರೆಗೆ ಒಯ್ಯಬೇಕು. ಕೊಡಗಿನ ತೋಟಗಳಲ್ಲಿ ಮಳೆಗೆ ಮುಂಚೆ ಹೊಡೆಯುವ ಬೋರ್ಡೋ ದ್ರಾವಣ ತಾಮ್ರದ್ದು, ಅದಕ್ಕೂ ಈ ಕಿಣ್ವಕ್ಕೂ ಸಂಬಂಧವಿಲ್ಲ. ಕಳೆನಾಶಕ ಪ್ಯಾರಾಕ್ವಾಟ್ ಸಂಪೂರ್ಣ ಬೇರೆಯೇ ವಿಷ. ಅಲ್ಲಿ ಅಟ್ರೋಪಿನ್‌ಗೆ ಕೆಲಸವಿಲ್ಲ, ಅನಗತ್ಯವಾಗಿ ಆಮ್ಲಜನಕ ಕೊಡುವುದರಿಂದ ಶ್ವಾಸಕೋಶಕ್ಕೆ ಹಾನಿ ಹೆಚ್ಚಬಹುದು. "ಯಾವುದೋ ತೋಟದ ಮದ್ದು" ಎಂದಷ್ಟೇ ಹೇಳಿದರೆ ವೈದ್ಯರ ಅಮೂಲ್ಯ ಸಮಯ ಹಾಳಾಗುತ್ತದೆ.

ತೋಟದಲ್ಲಿಯೇ ಮಾಡಬೇಕಾದದ್ದು ಸ್ವಲ್ಪ, ಆದರೆ ಅದರಿಂದ ಬಹಳ ವ್ಯತ್ಯಾಸವಾಗುತ್ತದೆ: ಬಟ್ಟೆ ಕಳಚಿಸಿ, ಕೂದಲು ಮತ್ತು ಉಗುರಿನ ಸಂದಿ ಸಮೇತ ಸೋಪು ಹಾಕಿ ಧಾರಾಳ ನೀರಿನಿಂದ ತೊಳೆಯುವುದು, ತೊಳೆಯುವವರು ಕೈಗವಸು ಹಾಕಿಕೊಳ್ಳುವುದು, ಒಂದು ಮಗ್ಗುಲಿಗೆ ಮಲಗಿಸಿ ಬಾಯಿಯ ಸ್ರಾವ ಹೊರಹೋಗುವಂತೆ ಮಾಡುವುದು, 108ಕ್ಕೆ ಕರೆ ಮಾಡುವುದು. ವಾಂತಿ ಮಾಡಿಸಬಾರದು. ಉಮ್ಮತ್ತದ ಗಿಡದಲ್ಲಿ ಅಟ್ರೋಪಿನ್ ಮತ್ತು ಅದರ ಹತ್ತಿರದ ವಸ್ತುಗಳು ಇರುವುದು ನಿಜ. ಅದನ್ನು ಅರೆದು ಕುಡಿಸಿದರೆ ವಿಷ ಇಳಿಯುತ್ತದೆಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಗಿಡದಿಂದ ಗಿಡಕ್ಕೆ, ಬೀಜದಿಂದ ಎಲೆಗೆ ಅದರ ಪ್ರಮಾಣ ಬದಲಾಗುತ್ತದೆ, ಪ್ರಜ್ಞೆ ತಪ್ಪುತ್ತಿರುವವರ ಬಾಯಿಗೆ ಏನನ್ನು ಹಾಕಿದರೂ ಶ್ವಾಸನಾಳಕ್ಕೆ ಹೋಗಬಹುದು.

ನಿಮ್ಮ ತಾಯಿಯ ವಿಷಯಕ್ಕೆ ಬರುತ್ತೇನೆ. ಮೂತ್ರಕೋಶದ ಸ್ನಾಯು ಮುಖ್ಯವಾಗಿ ಎಂ3 ಗ್ರಾಹಕದ ಮೂಲಕ ಸಂಕುಚಿಸುತ್ತದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಂಕುಚಿಸಿದಾಗ ತಡೆಯಲಾರದಷ್ಟು ಅವಸರವಾಗುತ್ತದೆ. ಆಕ್ಸಿಬ್ಯುಟಿನಿನ್ ಆ ಗ್ರಾಹಕವನ್ನು ತಡೆದು ಮೂತ್ರಕೋಶವನ್ನು ಸಡಿಲಿಸುತ್ತದೆ, ಆ ಮಟ್ಟಿಗೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಆದರೆ ಜೊಲ್ಲಿನ ಗ್ರಂಥಿಯಲ್ಲೂ ಕರುಳಿನಲ್ಲೂ ಅದೇ ಎಂ3 ಇದೆ, ಹಾಗಾಗಿ ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ. ಚಿಕ್ಕದಾದ, ಕೊಬ್ಬಿನಲ್ಲಿ ಕರಗುವ ಅಣುವಾದ್ದರಿಂದ ಅದು ಮಿದುಳಿಗೂ ನುಸುಳಿ ಅಲ್ಲಿನ ಎಂ1 ಅನ್ನು ತಡೆಯುತ್ತದೆ. ವಯಸ್ಸಾದಂತೆ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಬಳಸುವ ನರಕೋಶಗಳು ಕುಗ್ಗಿರುತ್ತವೆ. ನಲವತ್ತರ ವಯಸ್ಸಿನವರು ತಾಳಿಕೊಳ್ಳುವ ಪ್ರಮಾಣವೇ 76ರ ಹಿರಿಯರನ್ನು ಗೊಂದಲಕ್ಕೆ ಈಡುಮಾಡಬಲ್ಲದು. ಹಿರಿಯರಲ್ಲಿ ಹೊಸದಾಗಿ ಮರೆವು ಕಾಣಿಸಿದಾಗ ಅದನ್ನು ವಯಸ್ಸಿನ ಮೇಲೆ ಹೊರಿಸುವ ಮುನ್ನ ಮಾತ್ರೆಗಳ ಚೀಟಿಯನ್ನು ನೋಡಬೇಕು. ನಮ್ಮಲ್ಲಿ ಇದನ್ನು ಸಾಕಷ್ಟು ಮಾಡುತ್ತಿಲ್ಲ ಎಂಬ ಕೊರಗು ನನಗಿದೆ. ಮಾತ್ರೆಯಿಂದ ಬಂದ ಗೊಂದಲ ಅನೇಕ ವೇಳೆ ಮಾತ್ರೆ ನಿಲ್ಲಿಸಿದರೆ ಇಳಿಯುತ್ತದೆ, ಡಿಮೆನ್ಷಿಯಾ ಎಂದು ತಪ್ಪಾಗಿ ಹೆಸರಿಟ್ಟರೆ ಇನ್ನೊಂದು ಮಾತ್ರೆ ಸೇರುತ್ತದೆ. ಆ ಇನ್ನೊಂದು ಮಾತ್ರೆ ಸಾಮಾನ್ಯವಾಗಿ ಡೋನೆಪೆಝಿಲ್ ಆಗಿರುತ್ತದೆ. ಅದು ನಿಮ್ಮ ಕೀಟನಾಶಕ ಹಿಡಿಯುವ ಅದೇ ಕಿಣ್ವವನ್ನು ಮೃದುವಾಗಿ, ಬಿಡಿಸಿಕೊಳ್ಳಬಹುದಾದ ರೀತಿಯಲ್ಲಿ ತಡೆದು ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚಿಸುವ ಔಷಧ. ಬೆಳಿಗ್ಗೆ ಅದನ್ನು, ರಾತ್ರಿ ಆಕ್ಸಿಬ್ಯುಟಿನಿನ್ ಅನ್ನು ನುಂಗಿಸಿದರೆ ಒಂದು ಇನ್ನೊಂದರ ಕೆಲಸವನ್ನು ಕೆಡಿಸುತ್ತದೆ.

ತಾಯಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಅಂಗಡಿಯಿಂದ ಚೀಟಿಯಿಲ್ಲದೆ ತಂದವುಗಳನ್ನೂ ಸೇರಿಸಿ, ವೈದ್ಯರ ಬಳಿ ಒಯ್ಯಿರಿ. ಮಳೆಗಾಲದ ನೆಗಡಿಗೆ ನುಂಗುವ ಕ್ಲೋರ್‌ಫೆನಿರಮೈನ್, ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೊಮಿನ್, ನಿದ್ರೆಗೋ ನರನೋವಿಗೋ ಕೊಡುವ ಅಮಿಟ್ರಿಪ್ಟಿಲಿನ್ ಇವೆಲ್ಲ ಬೇರೆ ಬೇರೆ ಕಾಯಿಲೆಗಳ ಔಷಧಗಳಾದರೂ ಮಸ್ಕರಿನಿಕ್ ಗ್ರಾಹಕವನ್ನೂ ತಡೆಯುತ್ತವೆ, ಒಂದರ ಮೇಲೊಂದು ಬಿದ್ದಾಗ ಹೊರೆ ಕೂಡುತ್ತಾ ಹೋಗುತ್ತದೆ. ಬದಲಿ ದಾರಿಗಳೂ ಇವೆ. ಟ್ರೋಸ್ಪಿಯಂ ವಿದ್ಯುದಾವೇಶವುಳ್ಳ ಅಣುವಾದ್ದರಿಂದ ಮಿದುಳಿಗೆ ಅಷ್ಟಾಗಿ ದಾಟುವುದಿಲ್ಲ. ಡಾರಿಫೆನಾಸಿನ್ ಎಂ3ರ ಕಡೆಗೆ ಹೆಚ್ಚು ಒಲವುಳ್ಳದ್ದು, ಆದರೂ ಮಲಬದ್ಧತೆ ತರುತ್ತದೆ. ಮಿರಾಬೆಗ್ರಾನ್ ಪರಾನುವೇದನಾ ದಾರಿಯನ್ನೇ ಬಿಟ್ಟು ಅನುವೇದನಾ ಬಳಗದ ಬೀಟಾ-3 ಗ್ರಾಹಕದ ಮೂಲಕ ಮೂತ್ರಕೋಶವನ್ನು ಸಡಿಲಿಸುವುದರಿಂದ ಬಾಯಿ ಒಣಗುವುದೂ ಗೊಂದಲವೂ ಕಡಿಮೆ. ರಕ್ತದೊತ್ತಡದ ಮೇಲೆ ಮಾತ್ರ ಕಣ್ಣಿಡಬೇಕು. ಹೊತ್ತಿಗೆ ಸರಿಯಾಗಿ ಮೂತ್ರಕ್ಕೆ ಹೋಗುವ ಅಭ್ಯಾಸ, ಸಂಜೆಯ ಕಾಫಿ ಕಡಿತಗೊಳಿಸುವುದು ಇವೂ ನೆರವಾಗುತ್ತವೆ. ಕಾಫಿ ಬೆಳೆಯುವ ಮನೆಯಲ್ಲಿ ಕೊನೆಯದು ಸುಲಭವಲ್ಲ ಎಂದು ಬಲ್ಲೆ. ಗೊಂದಲ ಒಮ್ಮೆಲೇ ಹೆಚ್ಚಿದರೆ, ಮೂತ್ರ ಕಟ್ಟಿದರೆ ಅಥವಾ ಕಣ್ಣು ಕೆಂಪಾಗಿ ನೋವಿನೊಡನೆ ದೃಷ್ಟಿ ಮಂಜಾದರೆ ಮುಂದಿನ ಭೇಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಕಣ್ಣಿನ ದ್ರವ ಹರಿದುಹೋಗುವ ಕೋನ ಕಿರಿದಾಗಿರುವವರಲ್ಲಿ, ಪಾಪೆ ಹಿಗ್ಗಿದಾಗ ಆ ಕೋನ ಮುಚ್ಚಿ ಕಣ್ಣಿನ ಒತ್ತಡ ಏರಬಹುದು. ಅಂಥವರಿಗೆ ಪಾಪೆಯನ್ನು ಕುಗ್ಗಿಸಲು ಬಳಸುವ ಪೈಲೋಕಾರ್ಪಿನ್ ಹನಿ ಇದೇ ಎಂ3 ಗ್ರಾಹಕವನ್ನು ಪ್ರಚೋದಿಸುವ ಔಷಧ.

ಕೊನೆಯದಾಗಿ, ಆ ಕಾರ್ಮಿಕರನ್ನು ಮತ್ತೆ ಸ್ಪ್ರೇ ಕೆಲಸಕ್ಕೆ ಕಳಿಸುವ ವಿಷಯ. ಈ ಹಂಗಾಮಿನಲ್ಲಿ ಕಳಿಸಬೇಡಿ. ವಿಷ ಹಿಡಿದ ಕಿಣ್ವಗಳಲ್ಲಿ ಗಟ್ಟಿಯಾಗಿ ಅಂಟಿಹೋದವು ಮರಳಿ ಬರುವುದಿಲ್ಲ, ದೇಹ ಹೊಸದನ್ನು ತಯಾರಿಸಬೇಕು. ಕೆಂಪು ರಕ್ತಕಣಗಳಲ್ಲಿರುವ ಕಿಣ್ವವನ್ನು ಅಳೆದರೆ, ಹೊಸ ಕಣಗಳು ಹುಟ್ಟುವ ವೇಗದಲ್ಲಿ, ಅಂದರೆ ದಿನಕ್ಕೆ ಸುಮಾರು ಶೇ. 1ರಂತೆ, ಅದು ಏರುವುದು ಕಾಣುತ್ತದೆ. ಅರೆಬರೆ ಚೇತರಿಸಿಕೊಂಡವರಿಗೆ ಮೊದಲು ತೊಂದರೆ ಕೊಡದಿದ್ದಷ್ಟು ಕಡಿಮೆ ಪ್ರಮಾಣವೂ ಎರಡನೆಯ ಸಲ ಅಪಾಯ ತರಬಲ್ಲದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ರೇ ಕೆಲಸಗಾರರ ಕಿಣ್ವವನ್ನು ಹಂಗಾಮಿಗೆ ಮುಂಚೆಯೇ ಅಳೆದಿಟ್ಟು, ಕೆಂಪುಕಣದ ಕಿಣ್ವ ಆ ಮೂಲಮಟ್ಟದ ಶೇ. 70 ಅಥವಾ ಅದಕ್ಕಿಂತ ಕೆಳಗಿಳಿದರೆ ಕೆಲಸದಿಂದ ಬಿಡಿಸುತ್ತಾರೆ, ಶೇ. 80ಕ್ಕೆ ಏರಿದ ಮೇಲೆಯೇ ಮರಳಿ ಸೇರಿಸುತ್ತಾರೆ. ನಿಮ್ಮ ತೋಟದಲ್ಲಿ ಸಿಂಪಡಿಸುವ ಉಳಿದವರಿಗೂ ಹಂಗಾಮಿಗೆ ಮುಂಚೆ ಈ ರಕ್ತಪರೀಕ್ಷೆ ಮಾಡಿಸಿಡುವುದು ಒಳ್ಳೆಯದು. ಮೂಲಮಟ್ಟ ಗೊತ್ತಿಲ್ಲದಿದ್ದರೆ ಆಮೇಲಿನ ಫಲಿತಾಂಶವನ್ನು ಓದುವುದು ಕಷ್ಟ. ಈಗ ಚೇತರಿಸಿಕೊಂಡವರಿಗೆ ಮೂಲಮಟ್ಟದ ದಾಖಲೆ ಇಲ್ಲದಿರುವುದರಿಂದ, ಕೆಲವು ವಾರಗಳ ಅಂತರದಲ್ಲಿ ಪರೀಕ್ಷೆ ಮಾಡಿಸುತ್ತಾ ಅಂಕಿ ಏರುವುದು ನಿಂತು ಒಂದೆಡೆ ನೆಲೆಯಾಗುವವರೆಗೆ ಕಾಯಬೇಕು.

ಅಲ್ಲಿಯವರೆಗೆ ಅವರಿಗೆ ಸಂಬಳ ಕಡಿಯದೆ ಬೇರೆ ಹಗುರ ಕೆಲಸ ಕೊಡಿ. ಮರಗಸಿಗೂ (ನೆರಳು ಮರಗಳ ಕೊಂಬೆ ಕಡಿಯುವುದಕ್ಕೂ) ಮೆಣಸು ಕೊಯ್ಯಲಿಕ್ಕೂ ಏಣಿ ಹತ್ತಿಸಬೇಡಿ, ಸ್ನಾಯುಗಳ ಬಲ ಪೂರ್ತಿ ಮರಳಲು ಸಮಯ ಬೇಕು. ವಿಷಬಾಧೆಯಾದ ಎರಡು ಮೂರು ವಾರಗಳ ನಂತರ ಕೆಲವರಿಗೆ ಪಾದಗಳಲ್ಲಿ ಜುಮುಜುಮು, ಮೀನಖಂಡದಲ್ಲಿ ಸೆಳೆತ, ಆಮೇಲೆ ನಡೆಯುವಾಗ ಪಾದ ಎತ್ತಲಾಗದ ನಿಶ್ಶಕ್ತಿ ಬರುವುದುಂಟು. ಇದು ಅಸಿಟೈಲ್‌ಕೋಲಿನ್‌ಗೆ ಸಂಬಂಧಿಸಿದ್ದಲ್ಲ. ಬೇರೊಂದು ಕಿಣ್ವಕ್ಕೆ ಏಟು ಬಿದ್ದು ಉದ್ದನೆಯ ನರಗಳು ತುದಿಯಿಂದ ಸವೆಯುವ ತೊಂದರೆ. ಕ್ಲೋರ್‌ಪೈರಿಫಾಸ್ ಹೆಚ್ಚಿನ ಪ್ರಮಾಣದಲ್ಲಿ ಇದನ್ನು ಉಂಟುಮಾಡಬಲ್ಲದು. ಅವರ ಮನೆಯವರಿಗೂ ತೋಟದ ರೈಟರಿಗೂ ಈ ಲಕ್ಷಣಗಳನ್ನು ಹೇಳಿಡಿ. ಚಪ್ಪಲಿ ಜಾರುತ್ತಿದೆ, ಮೆಟ್ಟಿಲಲ್ಲಿ ಎಡವುತ್ತಿದ್ದೇನೆ ಎಂದು ಅವರು ಹೇಳಿದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.